ಗೋಡೆ ಬುಡದ ನೀರು

ನಮ್ಮೂರಿಗೆ ಸೊಸೆಯಾಗಿ ಬರುವ ಹೆಣ್ಣಿಗೆ ಒಲೆ ಎಲ್ಲಿದೆ, ದೇವರ ಕೋಣೆ ಎಲ್ಲಿದೆ ಅಂತ ತೋರಿಸುವ ಮುಂಚೆ ಬಚ್ಚಲು ತೋರಿಸುತ್ತಾರೆ. ನನಗೂ ಹಾಗೇ ಆಯಿತು. ಹೊಸಿಲ ಮೇಲಿನ ಸೇರಕ್ಕಿ ಒದ್ದು ಒಳಗೆ ಬಂದವಳನ್ನು ನಮ್ಮತ್ತೆ ಗಿರಿಯಮ್ಮ ಕೈ ಹಿಡಿದು ನೇರ ಬಚ್ಚಲಿಗೆ ಕರೆದುಕೊಂಡು ಹೋಗಿ, ಚಪ್ಪಡಿಯ ಮೂಲೆಯಲ್ಲಿದ್ದ ತೂತು ತೋರಿಸಿ, "ನೋಡು ವನಜಾ, ಇಲ್ಲಿ ಹೋದದ್ದೆಲ್ಲಾ ಬೀದಿಗೆ ಹೋಯ್ತು ಅಂತ್ಲೇ ತಿಳ್ಕೋ" ಎಂದರು. ಬೇರೆ ಊರಿನಿಂದ ಬಂದ ಹುಡುಗಿಗೆ ಏನು ಅರ್ಥವಾಗಬೇಕು? ತಲೆಯಾಡಿಸಿದೆ. ಸ್ನಾನಕ್ಕೆ ಹೋಗಿ ಮೈಕೈಗೆ ಹಚ್ಚಿದ್ದ ಅರಿಶಿನವನ್ನೆಲ್ಲ ಉಜ್ಜಿ ತೊಳೆದೆ. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಎದುರಿನ ನಂದಿಬಟ್ಟಲ ಗಿಡದ ತುಂಬ ಹಳದಿ ಹೂ. ಹಾಲು ತರಲು ಹೋಗುತ್ತಿದ್ದವರೆಲ್ಲ ನಿಂತು ನೋಡಿ, ಓ ಸೊಸೆ ಬಂದಳು ಅಂತ ನಗುತ್ತ ಹೋದರು. ನಾನು ನಾಚಿಕೆಯಿಂದ ಮಧ್ಯಾಹ್ನದವರೆಗೆ ಹೊರಗೆ ತಲೆ ಹಾಕಲಿಲ್ಲ.

ಆಮೇಲೆ ರೂಢಿಯಾಯಿತು. ಊರಿನಲ್ಲಿ ಪ್ರತಿ ಮನೆಯ ಬಚ್ಚಲ ನೀರೂ ಬಾಗಿಲ ಮುಂದಿನ ನಂದಿಬಟ್ಟಲ ಬುಡಕ್ಕೇ ಹೋಗಬೇಕು, ಬೇರೆಲ್ಲೂ ಚೆಲ್ಲಬಾರದು. ಬುಡಕ್ಕೆ ಹೋದ ನೀರು ಬೇರು ಹಿಡಿದು, ಕಾಂಡ ಏರಿ, ರೆಂಬೆ ರೆಂಬೆ ಹಂಚಿಕೊಂಡು, ಬೆಳಗಾಗುವ ಹೊತ್ತಿಗೆ ಹೂವಿನ ದಳದಲ್ಲಿ ಬಂದು ನಿಲ್ಲುತ್ತದೆ, ತಾನು ತೊಳೆದ ಬಣ್ಣವನ್ನೂ ಹೊತ್ತುಕೊಂಡು. ಹತ್ತಿರ ಹೋಗಿ ನೋಡಿದರೆ ದಳದ ತುಂಬ ದಾರದ ಎಳೆಯಂಥ ಗೆರೆಗಳು. ಮೇಷ್ಟ್ರ ಮನೆಯದು ಕೆಂಪು ಶಾಯಿ, ಅಡುಗೆ ಕಂಟ್ರಾಕ್ಟರ ಮನೆಯದು ವರ್ಷವಿಡೀ ಅರಿಶಿನ. ಯಾರ ಮನೆಯಲ್ಲಿ ಬೀಟ್‌ರೂಟ್ ಪಲ್ಯ ಮಾಡಿದರೂ ಊರಿಗೆಲ್ಲ ಗೊತ್ತು, ಪಕ್ಕದ ಮನೆಗೆ ಒಂದು ಬಟ್ಟಲು ಕೊಡದಿದ್ದರೆ ಮಾರನೆಯ ದಿನ ಮಾತು ಬರುತ್ತದೆ. ಹೆಂಡಕ್ಕೆ ಮಾತ್ರ ಬಣ್ಣವಿಲ್ಲ, ಅದೊಂದು ಗಂಡಸರ ಪುಣ್ಯ.

ನೀರನ್ನು ಮೇಲಕ್ಕೆ ಎಳೆಯುವುದು ಎಲೆ ಅನ್ನುವುದು ನಮ್ಮೂರಿನ ಮಕ್ಕಳಿಗೂ ಗೊತ್ತು. ಬಿಸಿಲು ಬಿದ್ದಷ್ಟೂ ಎಲೆ ಒಣಗುತ್ತದೆ, ಒಣಗಿದಷ್ಟೂ ಕೆಳಗಿನಿಂದ ಜಗ್ಗುತ್ತದೆ. ಮಟಮಟ ಮಧ್ಯಾಹ್ನ ಸುರಿದ ನೀರು ಬೆಳಿಗ್ಗೆ ದಳದ ಅಂಚಿನವರೆಗೂ ಗಾಢವಾಗಿ ನಿಂತಿರುತ್ತದೆ. ಹೊತ್ತು ಮುಳುಗಿದ ಮೇಲೆ ಸುರಿದದ್ದು ಅರ್ಧ ದಾರಿಯಲ್ಲೇ ಸೋತು, ತೊಟ್ಟಿನ ಹತ್ತಿರ ತೆಳ್ಳಗೆ ಕಂಡರೆ ಹೆಚ್ಚು. ಅದಕ್ಕೇ ನಾಲ್ಕು ಜನರ ಕಣ್ಣಿಗೆ ಬೀಳಬಾರದ್ದನ್ನೆಲ್ಲ ಹೆಂಗಸರು ದೀಪ ಹಚ್ಚಿದ ಮೇಲೆ ತೊಳೆಯುತ್ತಿದ್ದರು. ತೆಳು ಬಣ್ಣ ಕಂಡರೆ ಊರೂ ಕೆದಕುತ್ತಿರಲಿಲ್ಲ.

ನಾನು ಬಂದ ದಿನದ ಆ ಅರಿಶಿನವೊಂದು ಬಿಟ್ಟರೆ ನಮ್ಮ ಗಿಡದ ಹೂ ಯಾವಾಗಲೂ ಬಿಳಿ, ಹಾಲು ಚೆಲ್ಲಿದ ಹಾಗೆ. ಬಣ್ಣ ಬಿಡುವುದನ್ನೆಲ್ಲ ಅತ್ತೆ ತಾವೇ ತೊಳೆಯುತ್ತಿದ್ದರು, ನನ್ನ ಕೈಗೆ ಬಿಡುತ್ತಿರಲಿಲ್ಲ. ಅತ್ತೆಗೆ ಆ ಬಿಳುಪಿನ ಮೇಲೆ ಎಷ್ಟು ಹೆಮ್ಮೆ ಅಂತೀರಿ! ಬೆಳಿಗ್ಗೆ ಜಗಲಿಯ ಮೇಲೆ ಕಾಫಿ ಲೋಟ ಹಿಡಿದು ಕೂತುಬಿಟ್ಟರೆ ಎದುರು ಸಾಲಿನ ಗಿಡಗಳನ್ನೆಲ್ಲ ಒಂದೊಂದಾಗಿ ಓದುವರು. ಅವರ ಮನೇಲಿ ಮಗುವಿಗೆ ಭೇದಿ, ಇವರ ಮನೇಲಿ ಸೊಸೆ ತವರಿನಿಂದ ಹೊಸ ಬಟ್ಟೆ ತಂದಿದ್ದಾಳೆ, ಬಣ್ಣ ನಿಲ್ಲೋದಿಲ್ಲ, ಅಗ್ಗದ್ದು. ನಾನು ಅತ್ತೆಯ ಬಗ್ಗೆ ಹೀಗೆ ಹೇಳಿದರೆ ಸೊಸೆ ಬುದ್ಧಿ ತೋರಿಸಿದಳು ಅನ್ನುತ್ತೀರಿ. ಅನ್ನಿ. ಆದರೆ ನನಗೆ ಜ್ವರ ಬಂದರೆ ಹಣೆ ಮೇಲೆ ಒದ್ದೆ ಬಟ್ಟೆ ಇಟ್ಟುಕೊಂಡು ಪಕ್ಕದಲ್ಲೇ ಕೂರುತ್ತಿದ್ದವರೂ ಅವರೇ. ಮದುವೆಯಾದ ಮಾರನೆಯ ವರ್ಷ ನನ್ನ ಹೊಟ್ಟೆಯಲ್ಲಿದ್ದದ್ದು ನಿಲ್ಲದೆ ಹೋದಾಗ, ಒಂದು ಮಾತೂ ಆಡದೆ ಬಟ್ಟೆಯನ್ನೆಲ್ಲ ತಾವೇ ಒಗೆದರು. ಮಾರನೆಯ ಬೆಳಿಗ್ಗೆ ನಾನು ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಬಂದು ಗಿಡ ನೋಡಿದೆ. ಎಂದಿನ ಹಾಗೆ ಬಿಳಿ. ನಮ್ಮ ಮನೆಯ ಗಿಡ ಕೂಡ ನನ್ನ ಮಗುವನ್ನು ಲೆಕ್ಕಕ್ಕೆ ತಗೊಳ್ಳಲಿಲ್ಲವಲ್ಲ ಅಂದುಕೊಂಡೆ. ಯಾರನ್ನೂ ಕೇಳಲಿಲ್ಲ, ಒಳಗೆ ಹೋಗಿ ಮಲಗಿದೆ.

ಊರಿನ ಚಾವಡಿಯಲ್ಲಿ ಒಂದು ಮರದ ಪೆಟ್ಟಿಗೆ, ಅದರಲ್ಲಿ ಒಂದು ಸೀರೆ. ನೇರಳೆ ಬಣ್ಣದ್ದು, ಅಂಥ ಬಣ್ಣದ ಬಟ್ಟೆ ಊರಿನಲ್ಲಿ ಇನ್ನೊಂದಿಲ್ಲ. ಧಾರೆಯ ಹೊತ್ತಿಗೆ ಊರಿನ ಹೆಣ್ಣಾಗಲಿ ಊರಿಗೆ ಬರುವ ಸೊಸೆಯಾಗಲಿ, ಪ್ರತಿ ಮದುವಣಗಿತ್ತಿಯೂ ಅದನ್ನೇ ಉಡಬೇಕು. ಮುಹೂರ್ತ ಮುಗಿದ ಮೇಲೆ ಬಿಚ್ಚಿ ಮಡಿಚಿ ಪೆಟ್ಟಿಗೆಗೆ. ಧಾರೆಗೆ ಮೊದಲು ಯಾರೂ ಅದನ್ನು ಮೈಗೆ ಸುತ್ತಿಕೊಳ್ಳಬಾರದು. ಒಗೆಯಬಾರದು, ಒಗೆದರೆ ಬಣ್ಣ ಬಿಡುತ್ತದೆ. ಮದುವೆಗೆ ಮುಂಚೆ ಒಂದು ಹಗಲು ಬಿಸಿಲಿಗೆ ಹಾಕಿ, ಸಂಜೆ ಪೆಟ್ಟಿಗೆಗೆ ಸೇರಿಸಿ, ಕಾವು ಆರಲಿ ಅಂತ ಬೆಳಗಿನವರೆಗೆ ಬೀಗ ಹಾಕದೆ ಬಿಡುತ್ತಾರೆ. ಬೀಗದ ಕೈ ಊರಿನಲ್ಲಿ ಯಾರ ಮನೆಯ ಹೂ ಎಲ್ಲಕ್ಕಿಂತ ಬಿಳಿಯೋ ಆ ಮನೆಯ ಹಿರಿಯ ಹೆಂಗಸಿನ ಸೊಂಟದಲ್ಲಿ. ಅಂದರೆ ನಮ್ಮತ್ತೆಯ ಸೊಂಟದಲ್ಲಿ, ನಾನು ಈ ಮನೆಗೆ ಕಾಲಿಡುವ ಎಷ್ಟೋ ವರ್ಷ ಮೊದಲಿನಿಂದ.

ಎಷ್ಟು ಹುಡುಗಿಯರಿಗೆ ಅವರು ಆ ಸೀರೆಯ ನೆರಿಗೆ ಹಿಡಿದಿದ್ದಾರೋ ಅವರಿಗೇ ಗೊತ್ತಿಲ್ಲ. ನನಗೂ ಅವರೇ ಉಡಿಸಿದ್ದು. ಆದರೆ ಅವರು ಅದನ್ನು ಉಟ್ಟವರಲ್ಲ. ಅಕ್ಕ ಬಾಣಂತಿತನದಲ್ಲಿ ತೀರಿಕೊಂಡಾಗ, ಅಕ್ಕನ ಗಂಡನಿಗೇ ತಂಗಿಯನ್ನು ಕೊಟ್ಟರು. ಗಂಡಿಗೆ ಎರಡನೇ ಮದುವೆ, ಎರಡನೆಯ ಧಾರೆಗೆ ಊರಿನ ಸೀರೆ ಇಲ್ಲ. ದಿನಾ ಉಡುವ ಹತ್ತಿಯ ಸೀರೆಯಲ್ಲೇ ತಾಳಿ ಕಟ್ಟಿಸಿಕೊಂಡರು. ಆಮೇಲೆ ಬಹಳ ವರ್ಷ ಹೆಂಗಸರ ನಡುವೆ ಏನಾದರೂ ಮಾತು ಬಂದರೆ, ನಿನಗೆ ಸೀರೆಯ ಧಾರೆ ಆಗಿಲ್ಲ ಬಿಡು ಅಂತ ಯಾರಾದರೊಬ್ಬರು ಅನ್ನದೆ ಇರುತ್ತಿರಲಿಲ್ಲವಂತೆ. ಆ ಮಾತು ಕೇಳಿ ಕೇಳಿಯೇ ಅವರು ಬಿಳಿ ಹೂವಿನ ಹಟ ಹಿಡಿದದ್ದು. ಬೀಗದ ಕೈ ಸೊಂಟಕ್ಕೆ ಬಂದ ಮೇಲೆ ಎಲ್ಲರ ಬಾಯಿಯೂ ಮುಚ್ಚಿತು.

ನಮ್ಮ ಮನೆ ಮೇಲಿನ ಬೀದಿಗೆ ಮುಖ. ಹಿತ್ತಿಲ ಗೋಡೆಯ ಆಚೆಗೆ ಕೆಳಗಿನ ಬೀದಿ, ಅಲ್ಲಿ ಈರಮ್ಮನ ಮನೆ. ಅವರ ಗಿಡ ನಮ್ಮ ಗೋಡೆಗೆ ಒರಗಿಕೊಂಡ ಹಾಗೆ ಬೆಳೆದಿದೆ. ಈರಮ್ಮ ಗಂಡನನ್ನು ಕಳೆದುಕೊಂಡು, ಚಾವಡಿಯ ಕಸ ಗುಡಿಸಿ, ಮದುವೆ ಮನೆಗಳಲ್ಲಿ ಅಕ್ಕಿ ಆರಿಸಿ ಒಬ್ಬಳೇ ಮಗಳನ್ನು ಬೆಳೆಸಿದವರು. ಮಗಳು ಪುಟ್ಟಗೌರಿಗೆ ನಮ್ಮೂರಿನ ಸೊಪ್ಪಿನ ಮಂಡಿಯ ಹುಡುಗ ನಿಶ್ಚಯವಾಗಿದ್ದ. ಮದುವೆ ಹತ್ತಿರ ಬಂದಿತ್ತು. ಈರಮ್ಮ ಅಣ್ಣನನ್ನು ಕರೆಯಲು ಅವನ ಊರಿಗೆ ಹೋದ ದಿನವೇ ಅತ್ತೆ ಸೀರೆಯನ್ನು ಬಿಸಿಲಿಗೆ ಹಾಕಲು ಮನೆಗೆ ತಂದರು.

ಮುಂದಿನದು ಅತ್ತೆಯೇ ಆಮೇಲೆ ನನಗೆ ಹೇಳಿದ್ದು. ಅಂದು ನಾನೂ ನನ್ನ ಗಂಡನೂ ಒಂದು ನಾಮಕರಣಕ್ಕೆ ಹೋಗಿದ್ದೆವು. ಮನೆಯಲ್ಲಿ ಅವರೊಬ್ಬರೇ. ಒಳ ಅಂಗಳದ ಗಳದ ಮೇಲೆ ಸೀರೆ ಬಿಸಿಲಿಗೆ ಮಿಂಚುತ್ತಿತ್ತು. ಊಟ ಮಾಡಿ ಎಲೆ ಅಡಿಕೆ ಹಾಕಿಕೊಂಡು ಅದರ ಮುಂದೆ ಕೂತರಂತೆ. ಕೂತವರಿಗೆ ಏನನ್ನಿಸಿತೋ, ಎದ್ದು ಬಾಗಿಲ ಅಗುಳಿ ಹಾಕಿ ಸೀರೆಯನ್ನು ಇಳಿಸಿಕೊಂಡು ಉಟ್ಟರು. ಇಷ್ಟು ವರ್ಷ ಬೇರೆಯವರ ಸೊಂಟದ ಮೇಲೆ ಹಿಡಿದ ನೆರಿಗೆಯನ್ನು ತಮ್ಮ ಸೊಂಟದ ಮೇಲೆ ಹಿಡಿದರು. ಕನ್ನಡಿಯ ಮುಂದೆ ನಿಂತು ತಮ್ಮನ್ನು ತಾವೇ ನೋಡಿ ನಗು ಬಂತು. ನಕ್ಕಾಗ ಬಾಯಲ್ಲಿದ್ದ ಎಲೆಯ ರಸ ಸೆರಗಿನ ಮೇಲೆ ಬಿತ್ತು.

ಕೂಡಲೇ ಬಿಚ್ಚಿ, ಸೆರಗಿನ ಮೂಲೆಯನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ ಉಜ್ಜಿದರು. ಕಲೆ ಹೋಯಿತು, ಜೊತೆಗೆ ಬಣ್ಣವೂ ಹೋಯಿತು. ಬಕೆಟ್ಟಿನ ತುಂಬ ನೇರಳೆ ನೀರು, ಸೆರಗಿನ ಮೂಲೆಯಲ್ಲಿ ಅಂಗೈಯಗಲ ಬಿಳಿಚಿಕೊಂಡ ಜಾಗ. ಆ ನೀರನ್ನು ಏನು ಮಾಡಬೇಕು ಅನ್ನುವುದಕ್ಕೆ ಅವರು ಯೋಚಿಸಬೇಕಾಗಿರಲಿಲ್ಲ. ಕೈ ತಾನಾಗಿ ಬಕೆಟ್ಟು ಎತ್ತಿಕೊಂಡು ಹಿತ್ತಿಲಿಗೆ ಹೋಗಿ, ಒಗೆಯುವ ಕಲ್ಲಿನ ಹಿಂದೆ ಗೋಡೆಯ ಬುಡಕ್ಕೆ ಸುರಿಯಿತು. ಯಾಕೆಂದರೆ ಇಷ್ಟು ವರ್ಷವೂ ಅವರು ಅದನ್ನೇ ಮಾಡಿಕೊಂಡು ಬಂದಿದ್ದರು! ಬಣ್ಣದ್ದು ಏನೇ ಇರಲಿ, ಊರು ಊಟ ಮಾಡಿ ಮಲಗಿದ ಹೊತ್ತಿನಲ್ಲಿ ಗೋಡೆಯ ಬುಡಕ್ಕೆ. ತಲೆಕೂದಲಿಗೆ ಹಚ್ಚಿಕೊಳ್ಳುವ ಕಪ್ಪು ಬಣ್ಣ ತೊಳೆದ ನೀರು ಕೂಡ. ಅಲ್ಲಿ ಗಿಡವಿಲ್ಲ, ನೆಲ ಬಿರುಕುಬಿಟ್ಟಿದೆ, ಸುರಿದದ್ದು ಕಣ್ಣೆದುರಿಗೇ ಇಂಗಿಹೋಗುತ್ತದೆ. ಬಿಸಿಲಿಗೆ ಒಣಗಿತು ಅಂದುಕೊಳ್ಳುತ್ತಿದ್ದರು. ಬಿಸಿಲಿರುವಾಗಲೇ ಗಿಡ ಹೆಚ್ಚು ಎಳೆಯುತ್ತದೆ ಅಂತ ನನಗೆ ಹೇಳಿಕೊಟ್ಟವರೇ ಅವರು. ಗೋಡೆಯ ಆಚೆಗೂ ಒಂದು ಗಿಡವಿದೆ, ಅದರ ಬೇರಿಗೆ ಗೋಡೆ ಅಡ್ಡಿಯಲ್ಲ ಅನ್ನುವುದು ಅವರ ತಲೆಗೆ ಬರಲಿಲ್ಲ. ಬಿಳಿ ಹೂವಿನವರು ಕೆಳಗಿನ ಬೀದಿಯ ಕಡೆ ತಿರುಗಿ ನೋಡಿದವರಲ್ಲ.

ಸಂಜೆಯ ಹೊತ್ತಿಗೆ ಸೀರೆ ಒಣಗಿಸಿ, ಬಿಳಿಚಿದ ಮೂಲೆ ಒಳಗೆ ಹೋಗುವ ಹಾಗೆ ಮಡಿಚಿ ಚಾವಡಿಯ ಪೆಟ್ಟಿಗೆಯಲ್ಲಿಟ್ಟು ಬಂದರು. ತಾಯಿ ಊರಲ್ಲಿಲ್ಲ ಅಂತ ಅಂದು ಸಂಜೆ ಚಾವಡಿಯ ಕಸ ಗುಡಿಸಿದ್ದು ಪುಟ್ಟಗೌರಿ.

ಬೆಳಿಗ್ಗೆ ಕೆಳಗಿನ ಬೀದಿಯಲ್ಲಿ ಗಲಾಟೆ. ಓಡಿ ಹೋಗಿ ನೋಡಿದರೆ ಈರಮ್ಮನ ಗಿಡದ ತುಂಬ ನೇರಳೆ ಹೂ, ತುದಿಯಿಂದ ಬುಡದವರೆಗೆ. ಆ ಬಣ್ಣ ಯಾರಿಗೆ ಗೊತ್ತಿಲ್ಲ? ಊರಿನ ಹೆಂಗಸರೆಲ್ಲ ಅದನ್ನು ಮೈಮೇಲೆ ಹೊತ್ತವರೇ. ಯಾರೋ ಚಾವಡಿಗೆ ಹೋಗಿ ಸೀರೆ ಬಿಡಿಸಿ, ಬಿಳಿಚಿದ ಸೆರಗು ಎತ್ತಿ ಹಿಡಿದುಕೊಂಡೇ ಬಂದರು. ಎಲ್ಲರ ಬಾಯಲ್ಲೂ ಒಂದೇ ಮಾತು: ಗುಡಿಸಲು ಹೋದವಳು ಬೀಗವಿಲ್ಲದ ಪೆಟ್ಟಿಗೆ ಕಂಡು, ಧಾರೆಗೆ ಮೊದಲೇ ಉಟ್ಟು ನೋಡಿದ್ದಾಳೆ, ಕೊಳೆ ಮಾಡಿದ್ದಾಳೆ, ತೊಳೆದು ಇಟ್ಟಿದ್ದಾಳೆ. ಪುಟ್ಟಗೌರಿ ನಾನು ಮುಟ್ಟಿಲ್ಲ, ನಾನು ಮುಟ್ಟಿಲ್ಲ ಅಂತ ಅಳುತ್ತಿದ್ದಳು. ಬೆಳಿಗ್ಗೆಯ ಗಾಡಿಗೆ ಬಂದಿಳಿದ ಈರಮ್ಮ ಕೈಯಲ್ಲಿ ಗಂಟು ಹಿಡಿದುಕೊಂಡೇ ಗುಂಪಿನ ನಡುವೆ ನಿಂತರು. ಗಿಡ ನೋಡಿದರು, ಸೆರಗು ನೋಡಿದರು. ಆಮೇಲೆ ನಮ್ಮ ಹಿತ್ತಿಲ ಗೋಡೆಯ ಕಡೆ ಒಂದು ಸಲ ನೋಡಿದರು. ನಾನು ಅದನ್ನು ಕಂಡೆ, ಆದರೆ ಅರ್ಥ ಮಾಡಿಕೊಳ್ಳಲಿಲ್ಲ.

ಊರಿನ ಹಿರಿಯರಾದ ಮರಿಶೆಟ್ಟರು ಅತ್ತೆಯ ಕಡೆ ತಿರುಗಿ, ಬೀಗದ ಕೈ ನಿಮ್ಮದು, ನೀವು ಹೇಳಿ ಎಂದರು. ಅತ್ತೆಗೆ ಹೂ ಕಂಡ ಕ್ಷಣವೇ ಎಲ್ಲ ತಿಳಿದುಹೋಗಿತ್ತು. ದಳದ ಅಂಚಿನವರೆಗೂ ಏರಿದ ಬಣ್ಣ ಅದು, ಮಧ್ಯಾಹ್ನದ್ದು. ಸಂಜೆ ಪೆಟ್ಟಿಗೆಯಿಂದ ತೆಗೆದು ತೊಳೆದದ್ದಾಗಿದ್ದರೆ ಇಷ್ಟು ಏರುವುದು ಸಾಧ್ಯವೇ ಇರಲಿಲ್ಲ. ಅಲ್ಲಿದ್ದ ಯಾರಾದರೂ ಒಂದು ಗಳಿಗೆ ಯೋಚಿಸಿದ್ದರೆ ಗೊತ್ತಾಗುತ್ತಿತ್ತು. ಆಡಿಕೊಳ್ಳಲು ಒಂದು ಹೆಣ್ಣು ಸಿಕ್ಕಿರುವಾಗ ಯೋಚಿಸುವವರು ಯಾರು? ನಾನು ಯೋಚಿಸಿದೆನೇ? ಇಲ್ಲ. ಅತ್ತೆ ಬಾಯಿ ತೆರೆದರು. "ಹೂವು ಎಲ್ರ ಕಣ್ಣಿಗೂ ಕಾಣ್ತಿದೆಯಲ್ಲ, ನಾನೇನು ಹೇಳ್ಲಿ" ಎಂದುಬಿಟ್ಟರು.

ಅಷ್ಟು ಸಾಕಾಯಿತು. ಪುಟ್ಟಗೌರಿಯ ಧಾರೆಗೆ ಸೀರೆ ಇಲ್ಲ ಎಂದು ಅಲ್ಲೇ ತೀರ್ಮಾನವಾಯಿತು. ಅಂದು ಸಂಜೆಯೇ ಗಂಡಿನ ತಾಯಿ ಹೇಳಿಕಳಿಸಿದರು, ಸೀರೆ ಇಲ್ಲದ ಧಾರೆ ನಮ್ಮ ಮನೆಗೆ ಬೇಡ.

ಅಂದಿನಿಂದ ಅತ್ತೆ ಜಗಲಿಯ ಮೇಲೆ ಕೂರಲಿಲ್ಲ. ತಟ್ಟೆಯ ಮುಂದೆ ಕೂತರೆ ಅನ್ನ ಕಲಸಿ ಕಲಸಿ ಎದ್ದುಬಿಡುವರು. ಎಲೆ ಅಡಿಕೆಯ ತಟ್ಟೆಯನ್ನು ಅಟ್ಟಕ್ಕೆ ಹಾಕಿದರು. ನಮ್ಮ ಗಿಡ ಮಾತ್ರ ಮೈತುಂಬ ಬಿಳಿ ಹೂ ಬಿಟ್ಟುಕೊಂಡು ನಿಂತಿತ್ತು. ಅದನ್ನು ಕಂಡರೆ ಮುಖ ತಿರುಗಿಸುವರು, ಹೊರಗೆ ಹೋಗಬೇಕಾದರೆ ಹಿತ್ತಿಲ ಬಾಗಿಲಿನಿಂದ ಹೋಗುವರು. ಮೈ ಹುಷಾರಿಲ್ಲವೇ ಅಂತ ಕೇಳಿದರೆ ಸಿಡುಕುವರು. ಗೋಡೆಯಾಚೆಯಿಂದ ಪುಟ್ಟಗೌರಿ ಅಳುವುದು ಕೇಳಿದರೆ ಪಾತ್ರೆ ಸದ್ದು ಮಾಡಿಕೊಂಡು ತೊಳೆಯಲು ಕೂರುವರು. ಆ ಹುಡುಗಿಗೆ ಏನಾಗುತ್ತಿದೆ ಅನ್ನುವುದು ಊರಿನಲ್ಲಿ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ತಮ್ಮನ್ನು ಜೀವಮಾನವಿಡೀ ಚುಚ್ಚಿದ ಮಾತನ್ನು ತಾವೇ ಆ ಹುಡುಗಿಯ ಹಣೆಗೆ ಅಂಟಿಸಿ ಬಂದಿದ್ದರು.

ಒಂದು ಬೆಳಿಗ್ಗೆ ನನಗೆ ಎಲ್ಲವನ್ನೂ ಹೇಳಿದರು. ಅಕ್ಕಿ ಆರಿಸುತ್ತಿದ್ದ ಮೊರದಿಂದ ಕಣ್ಣೆತ್ತದೆ, ಒಂದೇ ಉಸಿರಿಗೆ. ನನಗೆ ಸಿಟ್ಟು ಬಂತು, ಅಸಹ್ಯವೂ ಆಯಿತು, ಸುಳ್ಳು ಯಾಕೆ ಹೇಳಲಿ. ಈಗಲೇ ಎದ್ದು ಬನ್ನಿ ಅಂತ ಕೈ ಹಿಡಿದು ಎಬ್ಬಿಸಿದೆ. ಕೆಳಗಿನ ಬೀದಿಗೆ ಬಳಸಿಕೊಂಡು ಹೋಗಲು ಅವರಿಗೆ ಧೈರ್ಯ ಸಾಲಲಿಲ್ಲ, ಹಿತ್ತಿಲ ಗೋಡೆಯ ಹತ್ತಿರವೇ ನಿಂತು ಈರಮ್ಮನನ್ನು ಕೂಗಿದರು. ಈರಮ್ಮ ಆಚೆಯಿಂದ ಗೋಡೆಯ ಮೇಲೆ ಕೈಯಿಟ್ಟುಕೊಂಡು ನಿಂತರು. ಅತ್ತೆ ತಲೆ ತಗ್ಗಿಸಿ, ಉಟ್ಟದ್ದು, ಎಲೆಯ ರಸ ಬಿದ್ದದ್ದು, ಸುರಿದದ್ದು ಎಲ್ಲ ಹೇಳಿ ಮುಗಿಸಿದರು.

"ಗೊತ್ತು ಗಿರಿಯಕ್ಕ" ಎಂದರು ಈರಮ್ಮ.

ಅತ್ತೆ ತಲೆಯೆತ್ತಿದರು.

"ಇವತ್ತಿಂದಲ್ಲ. ನೀವು ಈ ಕಡೆ ಸುರಿಯೋಕೆ ಶುರು ಮಾಡ್ದಾಗಿಂದ ಗೊತ್ತು. ನೀವು ತಲೆಗೆ ಬಣ್ಣ ಹಚ್ಕೊಂಡ ಮಾರನೇ ದಿನ ನಮ್ಮ ಗಿಡದಲ್ಲಿ ಕರೀ ಹೂ. ಬೆಳಕು ಹರಿಯೋ ಮುಂಚೆ ಎದ್ದು ಕಿತ್ತಾಕ್ತಿದ್ದೆ. ಅವತ್ತು ನಾನು ಊರಲ್ಲಿರ್ಲಿಲ್ಲ, ಅಷ್ಟೇ. ಗೌರಿಗೆ ಈ ವಿಷ್ಯ ಹೇಳಿರ್ಲಿಲ್ಲ."

ಅತ್ತೆ ಒಗೆಯುವ ಕಲ್ಲಿನ ಮೇಲೆ ಕೂತರು. ಅವತ್ತು ಅಷ್ಟು ಜನರ ಮುಂದೆ ಯಾಕೆ ಹೇಳಲಿಲ್ಲ ಅಂತ ಕೇಳಿದರು. ಸಿಟ್ಟಿನಿಂದಲೇ ಕೇಳಿದರು, ನಾಚಿಕೆಯಾದಾಗ ಅವರಿಗೆ ಬರುವುದು ಸಿಟ್ಟೇ.

"ನೀವೇ ಹೇಳ್ತೀರಿ ಅಂತ ಕಾದೆ" ಎಂದರು ಈರಮ್ಮ. ಆಮೇಲೆ, "ಗೋಡೆ ಕಡೆಯಿಂದ ಬಂದದ್ದು ಅಂದಿದ್ರೆ, ಇನ್ನೂ ಏನೇನು ಬಂದಿತ್ತು ಅಂತ ಕೇಳ್ತಿದ್ರು. ಕರೀದು ಹೇಳಬೋದಿತ್ತು, ನಿಮ್ಮ ಕೂದಲು ತಾನೇ. ಒಂದ್ಸಲ ಕೆಂಪು ಹೂ ಬಂದಿತ್ತಲ್ಲ ಗಿರಿಯಕ್ಕ. ಗಿಡದ ತುಂಬ. ಅದನ್ನ ಹೆಂಗೆ ಹೇಳ್ಲಿ?" ಎಂದರು. ಹೇಳುವಾಗ ಅವರು ನೋಡಿದ್ದು ಅತ್ತೆಯನ್ನಲ್ಲ, ನನ್ನನ್ನು.

ಮಗು ಹೋದ ಮಾರನೆಯ ಬೆಳಿಗ್ಗೆ ನಮ್ಮ ಗಿಡ ಯಾಕೆ ಬಿಳಿಯಾಗಿತ್ತು ಅನ್ನುವುದು ನನಗೆ ಆಗ ಗೊತ್ತಾಯಿತು. ಅತ್ತೆ ನನ್ನ ಕಡೆ ನೋಡಿದರು, ನೋಡಲಾಗದೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ನಾನು ಸಮಾಧಾನ ಮಾಡಲಿಲ್ಲ. ಆ ಹೊತ್ತಿನಲ್ಲಿ ನನಗೆ ಬರಲಿಲ್ಲ.

ಅಂದೇ ಅವರು ಚಾವಡಿಗೆ ಹೋದರು. ಮರಿಶೆಟ್ಟರನ್ನು ಕರೆಸಿ, ಗಂಡಿನ ತಾಯಿಯನ್ನೂ ಕರೆಸಿ, ಸೇರಿದವರ ಮುಂದೆ ಸೀರೆ ಉಟ್ಟವಳು ನಾನು, ತೊಳೆದವಳು ನಾನು ಎಂದರು. ಆದದ್ದೇನು ಗೊತ್ತೇ? ಯಾರೂ ನಂಬಲಿಲ್ಲ. ಗಿರಿಯಮ್ಮನ ಮನಸ್ಸು ಎಷ್ಟು ದೊಡ್ಡದು, ಬಡ ಹುಡುಗಿಯ ತಪ್ಪನ್ನು ತಮ್ಮ ತಲೆ ಮೇಲೆ ಹೊತ್ತುಕೊಳ್ಳುತ್ತಿದ್ದಾರೆ ಅಂತ ಹೆಂಗಸರು ಕಣ್ಣೊರೆಸಿಕೊಂಡರು. ಮರಿಶೆಟ್ಟರಂತೂ ಕೈ ಮುಗಿದು, "ನಿಮ್ಮ ಹೂವು ಬೆಳ್ಳಗಿದೆಯಲ್ಲ ತಾಯಿ, ಇನ್ನೇನು ಬೇಕು" ಎಂದರು. ನಮ್ಮೂರಿನವರಿಗೆ ಹೂ ಹೇಳಿದ್ದರ ಮುಂದೆ ಮನುಷ್ಯರು ಹೇಳಿದ್ದು ನಿಲ್ಲುವುದಿಲ್ಲ. ಬೈದಿದ್ದರೆ ಅತ್ತೆ ತಡೆದುಕೊಳ್ಳುತ್ತಿದ್ದರು. ಆ ಹೊಗಳಿಕೆ ಅವರ ಮೈಗೆ ಬೆಂಕಿಯ ಹಾಗೆ ತಾಗಿತು. ಮುಖ ಸುಟ್ಟುಕೊಂಡವರಂತೆ ಮನೆಗೆ ಬಂದು, ಎಷ್ಟು ಬೀಟ್‌ರೂಟ್ ಇದೆಯೋ ಅಷ್ಟೂ ತಗೊಂಡು ಬಾ ಎಂದರು ನನಗೆ.

ಮಾರನೆಯ ಮಧ್ಯಾಹ್ನ ಊರನ್ನು ಮಲಗಲು ಬಿಡಲಿಲ್ಲ ಅವರು. ಬೀಟ್‌ರೂಟ್ ತುರಿದು ಕುದಿಸಿ ಆರಿಸಿದ ಕೆಂಪು ನೀರನ್ನು ಬಕೆಟ್ಟಿಗೆ ತುಂಬಿ, ಮರಿಶೆಟ್ಟರನ್ನೂ ಗಂಡಿನ ತಾಯಿಯನ್ನೂ ನಮ್ಮ ಹಿತ್ತಿಲಲ್ಲಿ ನಿಲ್ಲಿಸಿಕೊಂಡು, ಒಗೆಯುವ ಕಲ್ಲಿನ ಹಿಂದೆ ಗೋಡೆಯ ಬುಡಕ್ಕೆ ಸುರಿದರು. ನೆಲ ಗಟಗಟ ಕುಡಿಯಿತು. ಈರಮ್ಮನ ಬಚ್ಚಲ ತೂತಿಗೆ ಎಲ್ಲರೆದುರೇ ಬಟ್ಟೆ ತುರುಕಿಸಿದರು. ಅಂದು ಬಿಸಿಲು ಹೇಗಿತ್ತೆಂದರೆ ಗೋಡೆಯಾಚೆಯ ಎಲೆಗಳೆಲ್ಲ ಬಾಡಿ ಜೋತುಬಿದ್ದಿದ್ದವು. ಎಲ್ಲರೂ ನೋಡುತ್ತಿದ್ದ ಹಾಗೇ ಅವು ಮೆಲ್ಲಗೆ ಸೆಟೆದು ನಿಂತವು. ಮರಿಶೆಟ್ಟರ ಹೆಂಡತಿ ಹುಬ್ಬು ಗಂಟಿಕ್ಕಿಕೊಂಡು ಬೇಗ ಬೇಗ ಮನೆಗೆ ಹೊರಟರು. ಅವರ ಮನೆಗೂ ಒಂದು ಹಿತ್ತಿಲ ಗೋಡೆ ಇತ್ತಲ್ಲ!

ಬೆಳಿಗ್ಗೆ ಈರಮ್ಮನ ಗಿಡದ ತುಂಬ ಕೆಂಪು ಹೂ. ನಮ್ಮದು ಬಿಳಿಯೇ. ಯಾರೂ ಗಲಾಟೆ ಮಾಡಲಿಲ್ಲ. ನೋಡಿದವರು ನೋಡಿ, ಒಬ್ಬರ ಮುಖ ಒಬ್ಬರು ನೋಡದೆ ಹೋದರು. ಅತ್ತೆ ಸೊಂಟದ ಬೀಗದ ಕೈ ಬಿಚ್ಚಿ ಮರಿಶೆಟ್ಟರ ಕೈಯಲ್ಲಿಟ್ಟರು. ಯಾರಿಗೆ ಕೊಡುವುದು ಅಂತ ಅವರು ಎಲ್ಲರ ಕಡೆ ನೋಡಿದರೆ, ಅಂದು ತೆಗೆದುಕೊಳ್ಳಲು ಒಬ್ಬ ಹೆಂಗಸೂ ಮುಂದೆ ಬರಲಿಲ್ಲ. ಅದು ಈಗಲೂ ಚಾವಡಿಯ ಗೂಟಕ್ಕೇ ನೇತುಹಾಕಿದೆ.

ಗಂಡಿನ ತಾಯಿ ಮತ್ತೆ ಒಪ್ಪಿದರು, ಪುಟ್ಟಗೌರಿಯ ಧಾರೆ ಆ ಸೀರೆಯಲ್ಲೇ ಆಯಿತು. ಉಡಿಸಲು ಅತ್ತೆ ಒಪ್ಪಲಿಲ್ಲ, ಕೊನೆಗೆ ಹುಡುಗಿಯೇ ಬಂದು ಅಜ್ಜಿ ನೀವೇ ಉಡಿಸಿ ಅಂತ ಕೈ ಹಿಡಿದಳು. ಅತ್ತೆ ನೆರಿಗೆ ಹಿಡಿದರು. ಬಿಳಿಚಿದ ಮೂಲೆಯನ್ನು ಒಳಗೆ ಸೇರಿಸಲು ಹೋದರೆ ಪುಟ್ಟಗೌರಿ ಬಿಡಲಿಲ್ಲ, ಹೊರಗೇ ಇರಲಿ ಅಂದಳು. ಅತ್ತೆ ಅಲ್ಲಿ ಅಳಲಿಲ್ಲ. ಅಡುಗೆಮನೆಗೆ ಬಂದು ಗೋಡೆಗೆ ಮುಖ ಮಾಡಿ ನಿಂತು ಅತ್ತರು.

ಮದುವೆಯ ಗಲಾಟೆ ಮುಗಿದ ಮೇಲೆ ಈರಮ್ಮ ನಮ್ಮ ಮನೆಗೆ ತಾಂಬೂಲ ಕೊಡಲು ಬಂದರು. ಅತ್ತೆ ಒಳಗೆ ಹಾಲು ಕಾಯಿಸುತ್ತಿದ್ದರು. ಅಷ್ಟು ದಿನದಿಂದ ಕೇಳಬೇಕು ಅಂದುಕೊಂಡಿದ್ದ ಮಾತನ್ನು ನಾನು ಆಗ ಕೇಳಿದೆ, ಕೆಂಪು ಹೂಗಳನ್ನು ಏನು ಮಾಡಿದಿರಿ ಅಂತ.

ಈರಮ್ಮ ನನ್ನ ಕೈಯನ್ನು ತಮ್ಮ ಕೈಯೊಳಗೆ ತಗೊಂಡರು. "ಬೇರೇದನ್ನೆಲ್ಲ ತಿಪ್ಪೆಗೆ ಹಾಕ್ತಿದ್ದೆ ಕಣವ್ವ. ಅದನ್ನ ಹಾಕೋಕೆ ಕೈ ಬರ್ಲಿಲ್ಲ. ಏನೂಂತ ಗೊತ್ತಾಗಿತ್ತು ನಂಗೆ. ಮಡಿಲಲ್ಲಿ ಕಟ್ಕೊಂಡು ಗಿಡದ ಬುಡದಲ್ಲೇ ಮಣ್ಣು ಮಾಡ್ದೆ. ಮೇಲೊಂದು ಕಲ್ಲು ಇಟ್ಟಿದೀನಿ."

ಒಳಗೆ ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿದ ಸದ್ದು ಕೇಳಿತು. ಅತ್ತೆ ಇಳಿಸಲಿಲ್ಲ. ನಾನು ಹೋಗಿ ನೋಡಿದರೆ ಒಲೆಯ ಮುಂದೆಯೇ ಕೂತಿದ್ದರು. ತಾವು ಗೋಡೆಯ ಬುಡಕ್ಕೆ ಸುರಿದು ಕೈ ತೊಳೆದುಕೊಂಡದ್ದನ್ನು ಇನ್ನೊಬ್ಬಳು ಮಡಿಲಲ್ಲಿ ಹೊತ್ತಿದ್ದಳು. ಆ ರಾತ್ರಿ ಅವರು ನನ್ನ ಹತ್ತಿರ ಬಂದು ಹೊದಿಕೆ ಸರಿಮಾಡಿ ಹೋದರು.

ಬೆಳಿಗ್ಗೆ ಅತ್ತೆ ಒಂದು ಚೊಂಬು ನೀರು ತಗೊಂಡರು. ಹಿತ್ತಿಲ ಕಡೆ ಹೋಗಲಿಲ್ಲ. ಮುಂದಿನ ಬಾಗಿಲಿನಿಂದ ಇಳಿದು, ಮೇಲಿನ ಬೀದಿಯಲ್ಲಿ ಎಲ್ಲರ ಎದುರಿಗೆ ನಡೆದು, ಕೆಳಗಿನ ಬೀದಿಗೆ ಬಳಸಿಕೊಂಡು ಹೋಗಿ ಈರಮ್ಮನ ಅಂಗಳದ ಮುಂದೆ ನಿಂತು, ಬರಬಹುದೇ ಅಂತ ಕೇಳಿದರು. ನಾನು ಹಿಂದೆಯೇ ಹೋದೆ. ಗಿಡದ ಬುಡದಲ್ಲಿ ಅಂಗೈಯಷ್ಟು ದೊಡ್ಡ ನುಣುಪಾದ ಕಲ್ಲು. ಅತ್ತೆ ಕುಕ್ಕರುಗಾಲಲ್ಲಿ ಕೂತು ಅದರ ಸುತ್ತ ನೀರು ಹನಿಸತೊಡಗಿದರು.

ಹಾಲಿಗೆ ಹೋಗುತ್ತಿದ್ದ ಮರಿಶೆಟ್ಟರ ಹೆಂಡತಿ ನಿಂತರು. ಇದೇನು ಗಿರಿಯಮ್ಮ, ನಿಮ್ಮ ಗಿಡ ಬಿಟ್ಟು ಬೇರೆಯವರ ಗಿಡಕ್ಕೆ ನೀರು ಹಾಕುತ್ತಿದ್ದೀರಲ್ಲ ಎಂದರು. ಅವರ ಹಿಂದೆ ಇನ್ನೂ ಇಬ್ಬರು ನಿಂತರು. ಅತ್ತೆ ನನ್ನ ಮುಖ ನೋಡಿದರು, ನಾನು ಹೂಂ ಅನ್ನುವವರೆಗೆ ಅಲ್ಲಾಡುವುದಿಲ್ಲ ಅನ್ನುವ ಹಾಗೆ. ನಾನು ತಲೆಯಾಡಿಸಿದೆ.

"ನನ್ನ ಮೊಮ್ಮಗೂಗೆ" ಎಂದರು ಅತ್ತೆ, ಬೀದಿಗೆಲ್ಲ ಕೇಳುವ ಹಾಗೆ. "ನಮ್ಮ ವನಜನ ಮಗು. ನಾನು ಯಾರಿಗೂ ಹೇಳಿರ್ಲಿಲ್ಲ."

ನಿಂತವರು ತಲೆಯ ಮೇಲೆ ಸೆರಗು ಎಳೆದುಕೊಂಡರು, ಆಮೇಲೆ ಹಾಲಿಗೆ ಹೋದರು. ಅತ್ತೆ ಚೊಂಬಿನಲ್ಲಿ ಉಳಿದಿದ್ದ ನೀರನ್ನು ನನ್ನ ಕೈಗೆ ಕೊಟ್ಟರು.